ಓಲೆಯ ಕಟ್ಟು, ಚಿತ್ರದ ಸುರುಳಿ

ಕಳೆದ ಆಷಾಢದ ಒಂದು ಸಂಜೆ. ಇಸಳೂರಿನಲ್ಲಿ ಮೂರು ದಿನಗಳಿಂದ ಮಳೆ ಹಿಡಿದು ಬಿಟ್ಟಿರಲಿಲ್ಲ. ಲಿಂಗಪೂಜೆಯನ್ನು ಮುಗಿಸಿ ಪಡಸಾಲೆಗೆ ಬಂದಾಗ ನನ್ನ ತಮ್ಮನು ಕಂಬಕ್ಕೆ ಒರಗಿ ಕುಳಿತಿದ್ದನು. ಅವನ ಹಿಂದೆ, ಬಾಗಿಲ ತೋಳಿಗೆ ಕೈಯಿಟ್ಟು ಅವನ ಮಗಳು ನಿಂತಿದ್ದಳು. ತಂದೆಮಕ್ಕಳ ಮುಖವನ್ನು ನೋಡಿದೊಡನೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿದೆಯೆಂಬುದು ತಿಳಿಯಿತು.

"ಅಣ್ಣಾ, ನೀವಾದರೂ ಒಂದು ಮಾತು ಹೇಳ್ರಿ. ಧಾರವಾಡದಾಗ ರಸಾಯನಶಾಸ್ತ್ರ ಓದಿಸಿದೆ. ಬಿ.ಎಡ್. ಮಾಡು, ಇಲ್ಲಾ ಬ್ಯಾಂಕಿನ ಪರೀಕ್ಷೆ ಬರಿ ಅಂದರ ಕೇಳವಲ್ಲಳು. ಹಳೇ ಸಿನಿಮಾದ ರೀಲು ತೊಳೆಯೋದನ್ನ ಕಲಿಯಾಕ ಪರದೇಶಕ್ಕ ಹೋಗತಾಳಂತ" ಎಂದನು ತಮ್ಮ.

ನಿಜವನ್ನೇ ಹೇಳಬೇಕು. ನನಗೂ ನಗು ಬಂದಿತು. ಆ ನಗುವನ್ನು ಮಗು ಕಂಡಳು. ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದಳು: "ದೊಡ್ಡಪ್ಪಾ, ನೀವು ಮಠದಾಗ ಹನ್ನೆರಡು ವರ್ಷ ಇದ್ದಿರಿ. ಅಲ್ಲಿ ಏನು ಮಾಡಿದಿರಿ?"

"ಸಂಸ್ಕೃತ ಓದಿದೆ, ವಚನ ಓದಿದೆ, ಓಲೆಗರಿಗಳನ್ನು ಒರೆಸಿ ಕಟ್ಟಿಟ್ಟೆ" ಎಂದೆ.

"ಓಲೆಗರಿ ಒರೆಸಿದವರನ್ನು ಊರು ಪಂಡಿತರು ಅಂತ ಕರೀತದ. ರೀಲು ಒರೆಸ್ತೀನಿ ಅಂದವಳನ್ನ ನೋಡಿ ನಗತದ."

ನಾನು ಉತ್ತರಿಸಲಿಲ್ಲ. ಆ ರಾತ್ರಿ ನಿದ್ರೆಯೂ ಬರಲಿಲ್ಲ. 'ಒರೆಸಿ ಕಟ್ಟಿಟ್ಟೆ' ಎಂದು ನಾನಾಡಿದ ಮಾತು ಪೂರ್ತಿ ಸತ್ಯವಾಗಿರಲಿಲ್ಲ. ನಲವತ್ತೆಂಟು ವರ್ಷಗಳಿಂದ ಮನೆಯವರಿಗೂ ಹೇಳದ ಒಂದು ಸಂಗತಿಯನ್ನು ಈ ಪುಟದಲ್ಲಿ ಬರೆಯುತ್ತಿದ್ದೇನೆ. ಓದುಗ ಬಂಧುಗಳು ಕ್ಷಮಿಸಬೇಕು.

ನಾನು ಕಲಿತದ್ದು ಬಯಲುಸೀಮೆಯ ಒಂದು ಮಠದಲ್ಲಿ. ಅಲ್ಲಿ ನೂರಾರು ಓಲೆಯ ಕಟ್ಟುಗಳಿದ್ದವು. ಬೇಸಗೆಯಲ್ಲಿ ಅವನ್ನು ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರಡಬೇಕು. ನಿಂಬೆಹುಲ್ಲಿನ ಎಣ್ಣೆಯನ್ನು ಬಟ್ಟೆಗೆ ತುಸುವೇ ಸೋಕಿಸಿ ಒಂದೊಂದು ಗರಿಯನ್ನೂ ಒರೆಸಬೇಕು. ಅಕ್ಷರ ಮಾಸಿದ್ದರೆ ದೀಪದ ಕಾಡಿಗೆಯನ್ನು ತೀಡಬೇಕು. ಆಮೇಲೆ ಹಲಗೆಗಳ ನಡುವೆ ಇಟ್ಟು, ದಾರ ಬಿಗಿದು, ಬಟ್ಟೆಯಲ್ಲಿ ಸುತ್ತಿ, ಬಜೆಯ ಬೇರಿನೊಡನೆ ಪೆಟ್ಟಿಗೆಗೆ ಸೇರಿಸಬೇಕು. 1977ರ ಬೇಸಗೆಯಲ್ಲಿ ಗುರುಗಳು ಈ ಕೆಲಸವನ್ನು ನನಗೆ ಒಪ್ಪಿಸಿದರು. ಆಗ ನನಗೆ ಹದಿನೇಳು ವರ್ಷ. ಕೊನೆಯ ಕಟ್ಟನ್ನು ನಾಳೆ ಒರೆಸಿದರಾಯಿತೆಂದು ಕಿಟಕಿಯ ಗೂಡಿನಲ್ಲಿ ಇಟ್ಟೆ. ಆ ನಾಳೆ ಬರಲೇ ಇಲ್ಲ. ಮಳೆಗಾಲ ಬಂದಿತು. ಹೆಂಚಿನ ಸಂದಿನಿಂದ ಇಳಿದ ನೀರು ಅದರ ಮೇಲೆ ತೊಟ್ಟಿಕ್ಕುತ್ತಿತ್ತೆಂಬುದು ದೀಪಾವಳಿಯ ಹೊತ್ತಿಗೆ ಗೊತ್ತಾಯಿತು. ಗರಿಗಳೆಲ್ಲ ಅಂಟಿಕೊಂಡು ಒಂದು ಇಟ್ಟಿಗೆಯಂತಾಗಿದ್ದವು. ಬಿಡಿಸಲು ಹೋದರೆ ಪುಡಿಯಾದವು. ಉಳಿದದ್ದನ್ನು ಗೆದ್ದಲು ತಿಂದಿತ್ತು.

ಗುರುಗಳು ಬಯ್ಯಲಿಲ್ಲ, ಹೊಡೆಯಲಿಲ್ಲ. ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು, "ಇದರಲ್ಲಿ ಏನಿತ್ತೋ ಇನ್ನು ಯಾರೂ ಹೇಳಲಾರರು" ಎಂದರು. ಅಷ್ಟೇ. ಅದು ಎಲ್ಲರಿಗೂ ಗೊತ್ತಿದ್ದ ಪುರಾಣವೊಂದರ ಹತ್ತನೆಯ ಪ್ರತಿಯಾಗಿತ್ತೋ, ಬೇರೆಲ್ಲೂ ಇಲ್ಲದ ಶರಣನೊಬ್ಬನ ಮಾತಾಗಿತ್ತೋ, ನಾನು ಬಲ್ಲವನಲ್ಲ. ಆ ತಿಳಿಯದಿರುವಿಕೆಯೇ ನನಗೆ ಆದ ಶಿಕ್ಷೆ. ಆಮೇಲಿನ ನನ್ನ ಪಾಂಡಿತ್ಯವೆಲ್ಲ ಆ ತಪ್ಪಿಗೆ ಮಾಡಿಕೊಂಡ ಪ್ರಾಯಶ್ಚಿತ್ತ.

ಮರುದಿನ ಬೆಳಗ್ಗೆ ಮಗುವನ್ನು ಕರೆದು, ಈ ಹಂಬಲ ಎಲ್ಲಿಂದ ಹುಟ್ಟಿತೆಂದು ಕೇಳಿದೆ. ಅವಳು ಒಳಗೆ ಹೋಗಿ ಒಂದು ಕಪ್ಪು ಕ್ಯಾಸೆಟ್ಟನ್ನು ತಂದು ಮುಂದಿಟ್ಟಳು. 1998ರಲ್ಲಿ ನಡೆದ ಅವಳ ತಂದೆತಾಯಿಯರ ಮದುವೆಯ ವಿಡಿಯೋ. ನಮ್ಮ ಅವ್ವ ಲಿಂಗೈಕ್ಯಳಾದದ್ದು 2001ರಲ್ಲಿ. ಈ ಮಗು ಹುಟ್ಟಿದ್ದು ಅದರ ಮರುವರ್ಷ. ಅಜ್ಜಿಯನ್ನು ಇವಳು ಕಂಡವಳಲ್ಲ. ಗೋಡೆಯ ಮೇಲಿನ ಒಂದು ಭಾವಚಿತ್ರವನ್ನು ಮಾತ್ರ ಬಲ್ಲಳು. ಆ ಮದುವೆಯಲ್ಲಿ ಅವ್ವ ಸೋಬಾನೆ ಹಾಡಿದ್ದಳೆಂದು ಯಾರೋ ಹೇಳಿದ್ದನ್ನು ಕೇಳಿ ಕಪಾಟನ್ನು ಶೋಧಿಸಿದಾಗ, ಮಲೆನಾಡಿನ ತೇವಕ್ಕೆ ಟೇಪಿನ ಅಂಚಿನುದ್ದಕ್ಕೂ ಬಿಳಿಯ ಬೂಷ್ಟು ಹಿಡಿದಿತ್ತು. ಅದನ್ನು ಓಡಿಸುವ ಯಂತ್ರವೂ ಊರಲ್ಲಿ ಇರಲಿಲ್ಲ. ವಿಸಿಆರ್ ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನಾಯ್ 2016ರಲ್ಲಿಯೇ ಅದನ್ನು ನಿಲ್ಲಿಸಿತು. ಮಗು ಅದನ್ನು ಬೆಂಗಳೂರಿಗೆ ಒಯ್ದು, ಬಲ್ಲವರೊಬ್ಬರ ಬಳಿ ಕುಳಿತು, ತಾನೂ ಕೈಹಚ್ಚಿ ಶುಚಿಗೊಳಿಸಿದಳಂತೆ. ಮೂರು ಗಂಟೆಗಳ ಕ್ಯಾಸೆಟ್ಟಿನಲ್ಲಿ ಉಳಿದು ಬಂದದ್ದು ಹನ್ನೊಂದು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಅವ್ವನ ಹಾಡು.

ಮೊಬೈಲಿನ ಸಣ್ಣ ಪರದೆಯ ಮೇಲೆ ಅದನ್ನು ನನಗೆ ತೋರಿಸಿದಳು. ಚಿತ್ರ ನಡುಗುತ್ತಿತ್ತು. ಬಣ್ಣ ಮಾಸಿತ್ತು. ಆದರೆ ಧ್ವನಿ ಅವ್ವನದೇ. ಹಾಡಿನ ನಡುವೆ ಕೆಮ್ಮಿ, ಸೆರಗಿನಿಂದ ಬಾಯೊರೆಸಿಕೊಂಡು ಮತ್ತೆ ಎತ್ತಿಕೊಂಡಳು. ಆ ಕೆಮ್ಮನ್ನು ನಾನು ಮರೆತೇಬಿಟ್ಟಿದ್ದೆ. ಅರವತ್ತೈದರ ಮುದುಕನಾದ ನಾನು ಅಂದು ಮಗುವಿನ ಮುಂದೆ ಕಣ್ಣೀರಿಟ್ಟೆ.

ಒಂದು ಮನೆಯ ಕಥೆ ಇದಾದರೆ ನಾಡಿನ ಕಥೆ ಇದಕ್ಕಿಂತ ದೊಡ್ಡದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ನಿರ್ದೇಶಕರು ವೈ.ವಿ. ರಾವ್; ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು; ಅಭಿನಯ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬಾ ಮೊದಲಾದವರದು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇಷ್ಟೆಲ್ಲ ವಿವರಗಳು ನಮಗೆ ಗೊತ್ತಿವೆ. ಚಿತ್ರ ಮಾತ್ರ ಇಲ್ಲ. ಒಂದು ಪ್ರತಿಯೂ ಉಳಿದಿಲ್ಲ. ಕನ್ನಡವು ಬೆಳ್ಳಿಪರದೆಯ ಮೇಲೆ ಮೊದಲ ಬಾರಿಗೆ ಹೇಗೆ ಮಾತನಾಡಿತೆಂಬುದನ್ನು ಇನ್ನು ಯಾರೂ ಕೇಳಲಾರರು. ಗುರುಗಳ ಮಾತು ಇಲ್ಲಿಯೂ ಸಲ್ಲುತ್ತದೆ. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮೇಲ್ಪಟ್ಟ ಮೂಕಿ ಚಿತ್ರಗಳಲ್ಲಿ ಇಂದು ಉಳಿದಿರುವುದು ಕೆಲವೇ ಕೆಲವು. ದೇಶದ ಮೊದಲ ವಾಕ್ಚಿತ್ರವಾದ 1931ರ 'ಆಲಂ ಆರಾ' ಕೂಡ ಇಲ್ಲವಾಗಿದೆ.

ಹೀಗೇಕಾಯಿತೆಂದು ಕೇಳಿದಾಗ, ರಸಾಯನಶಾಸ್ತ್ರ ಓದಿದ ಮಗು ನನಗೆ ಪಾಠ ಹೇಳಿದಳು. 1950ರ ದಶಕದ ಆರಂಭದವರೆಗೆ ಚಿತ್ರದ ಸುರುಳಿಗಳನ್ನು ನೈಟ್ರೇಟ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು. ಅದು ಬೇಗ ಬೆಂಕಿ ಹಿಡಿಯುತ್ತದೆ. ಒಮ್ಮೆ ಹಿಡಿದರೆ ನೀರಿನಿಂದಲೂ ಆರದು. 2003ರ ಜನವರಿಯಲ್ಲಿ ಪುಣೆಯಲ್ಲಿ ಇಂತಹ ಸುರುಳಿಗಳಿದ್ದ ಉಗ್ರಾಣವು ಬೆಂಕಿಗೆ ಆಹುತಿಯಾಯಿತು. ಆಮೇಲೆ ಬಂದ ಅಸಿಟೇಟ್ ಸುರುಳಿಗೆ ಬೆಂಕಿಯ ಭಯವಿಲ್ಲ. ಆದರೆ ಸೆಕೆ ಮತ್ತು ತೇವಗಳಲ್ಲಿ ಅದು ಒಳಗಿಂದಲೇ ಹುಳಿಯುತ್ತದೆ. ಡಬ್ಬಿ ತೆರೆದರೆ ವಿನಿಗರಿನ ವಾಸನೆ. ಹುಟ್ಟಿದ ಆಮ್ಲವೇ ಮತ್ತಷ್ಟು ಆಮ್ಲವನ್ನು ಹುಟ್ಟಿಸಿ ಸುರುಳಿಯನ್ನು ಸೆಟೆಸಿ ಮುರಿಯುತ್ತದೆ. ಒಂದು ಡಬ್ಬಿಯ ರೋಗ ಪಕ್ಕದ ಡಬ್ಬಿಗೂ ತಗಲುತ್ತದೆ. ರೋಗ ಎಷ್ಟು ಬೆಳೆದಿದೆಯೆಂದು ತಿಳಿಯಲು ಒಂದು ನೀಲಿ ಕಾಗದದ ಚೂರನ್ನು ಡಬ್ಬಿಯೊಳಗೆ ಇಡುತ್ತಾರೆ. ಅದು ಹಸಿರಾಗಿ, ಹಳದಿಯಾದಷ್ಟೂ ಅಪಾಯ ಹೆಚ್ಚು. ಕಪ್ಪು-ಬಿಳುಪು ಚಿತ್ರದ ಬಿಂಬವು ಬೆಳ್ಳಿಯ ಕಣಗಳಿಂದ ಆದದ್ದು. ಆ ಬೆಳ್ಳಿಯ ಆಸೆಗಾಗಿಯೇ ಎಷ್ಟೋ ಚಿತ್ರಗಳನ್ನು ಗುಜರಿಗೆ ಮಾರಿದರಂತೆ.

ನಮ್ಮ ಹಿರಿಯರೂ ಹಳೆಯ ಓಲೆಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟಿದ್ದುಂಟು. ಕಳೆದುಕೊಳ್ಳುವವರಿಗೆ ಕಳೆದುಕೊಳ್ಳುತ್ತಿದ್ದೇವೆಂಬ ಅರಿವು ಆ ಗಳಿಗೆಯಲ್ಲಿ ಇರುವುದಿಲ್ಲ. ಆದ್ದರಿಂದಲೇ ಕಾಯುವವರು ಬೇಕು.

ಅಂತಹ ಒಬ್ಬರನ್ನು ನಮ್ಮ ಸಮಾಜ ಚೆನ್ನಾಗಿ ಬಲ್ಲದು. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಯ ಕಟ್ಟುಗಳನ್ನು ಕೂಡಿಹಾಕಿದರು; 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಹೊರತಂದರು; 1925ರಲ್ಲಿ ಸ್ವಂತ ಮುದ್ರಣಾಲಯವನ್ನು ತೆರೆದು ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಇದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ನಡೆಯುತ್ತಿದ್ದ ವಕೀಲಿಯನ್ನು ಬಿಟ್ಟು ಹರಿದ ಓಲೆಗಳ ಹಿಂದೆ ಬಿದ್ದವರನ್ನು ಕಂಡು ಆಗಲೂ ನಕ್ಕವರಿರಬೇಕು. ಅವರು ಲಿಂಗೈಕ್ಯರಾದದ್ದು 1964ರ ಜೂನ್ 29ರಂದು. ಅದೇ ವರ್ಷದ ಫೆಬ್ರವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಇದು ಕಾಕತಾಳೀಯವೇ ಸರಿ. ಆದರೂ ಓಲೆಯನ್ನು ಕಾಯ್ದವರ ಕೈಯಿಂದ ಸುರುಳಿಯನ್ನು ಕಾಯುವವರ ಕೈಗೆ ದೀಪವೊಂದು ದಾಟಿದಂತೆ ನನ್ನ ಮನಸ್ಸಿಗೆ ತೋರುತ್ತದೆ.

ಆ ಸಂಗ್ರಹಾಲಯಕ್ಕೆ 1965ರಲ್ಲಿ ಬಂದು ಸೇರಿದವರು ಕೇರಳದ ಪಿ.ಕೆ. ನಾಯರ್. ದಾದಾಸಾಹೇಬ ಫಾಲ್ಕೆಯವರ ಚಿತ್ರಗಳಲ್ಲಿ ಅಳಿದುಳಿದ ಸುರುಳಿಗಳನ್ನು ಅವರ ಮನೆಯವರಿಂದ ಬೇಡಿ ತಂದವರು. ಕತ್ತಲೆಯ ಚಿತ್ರಮಂದಿರದಲ್ಲಿ ಸಣ್ಣ ಟಾರ್ಚು ಹಿಡಿದು, ನೋಡಿದ ಪ್ರತಿ ಚಿತ್ರದ ವಿವರವನ್ನೂ ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದವರು. 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 12,000 ಚಿತ್ರಗಳು ಅಲ್ಲಿ ಸೇರಿದ್ದವು. 2016ರ ಮಾರ್ಚಿನಲ್ಲಿ ಅವರು ತೀರಿಕೊಂಡರು.

ನಾಯರರ ಆ ಶ್ರಮದ ಫಲವು ನಮ್ಮ ನೆರೆಗೂ ಬಂದಿತ್ತು. ಸಿದ್ದಾಪುರವನ್ನು ದಾಟಿ ಸಾಗರದ ಸೀಮೆಗೆ ಇಳಿದರೆ ಹೆಗ್ಗೋಡು. ಅಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ಸಂಸ್ಥೆಯಲ್ಲಿ 1973ರಲ್ಲಿಯೇ ಚಿತ್ರಸಮಾಜವನ್ನು ಕಟ್ಟಿದ್ದರು. ಪುಣೆಯ ಸತೀಶ್ ಬಹಾದ್ದೂರ್ ಮತ್ತು ನಾಯರರ ನೆರವಿನಿಂದ ಅಡಿಕೆ ಬೆಳೆಯುವ ರೈತರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಿದರು. ಎಂಬತ್ತರ ದಶಕದ ಆರಂಭದಲ್ಲಿ, ಮಠದಿಂದ ರಜೆಯ ಮೇಲೆ ಊರಿಗೆ ಬಂದಿದ್ದ ನಾನು ಗೆಳೆಯನೊಬ್ಬನ ಒತ್ತಾಯಕ್ಕೆ ಅಲ್ಲಿಗೆ ಹೋದೆ. ಅದಕ್ಕೆ ಮೊದಲು ನಾನು ನೋಡಿದ್ದು ಜಾತ್ರೆಯ ಟೆಂಟಿನಲ್ಲಿ ಗುರುಗಳೇ ಕರೆದೊಯ್ದು ತೋರಿಸಿದ 'ಜಗಜ್ಯೋತಿ ಬಸವೇಶ್ವರ' ಮತ್ತು ಶಿರಸಿಯಲ್ಲಿ ನೋಡಿದ 'ಮಯೂರ', ಇವೆರಡೇ. ನಮ್ಮ ಬನವಾಸಿಯ ಕಥೆಯೆಂಬ ಹೆಮ್ಮೆಯಿಂದ 'ಮಯೂರ'ಕ್ಕೆ ಊರೇ ನೆರೆದಿತ್ತು. ಹೆಗ್ಗೋಡಿನಲ್ಲಿ ಅಂದು ತೋರಿಸಿದ್ದು ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ'. ಬಂಗಾಳಿ ನನಗೆ ತಿಳಿಯದು. ಆದರೂ ಆ ಹಣ್ಣುಹಣ್ಣು ಮುದುಕಿಯಲ್ಲಿ ನಮ್ಮ ಮನೆಯ ಅಜ್ಜಿಯನ್ನೇ ಕಂಡೆ.

ಆ ಚಿತ್ರದ ಮುಂದಿನ ಕಥೆಯನ್ನು ನನಗೆ ಹೇಳಿದವಳೂ ಈ ಮಗುವೇ. 1993ರಲ್ಲಿ ಲಂಡನ್ನಿನ ಒಂದು ಪ್ರಯೋಗಾಲಯಕ್ಕೆ ಬೆಂಕಿ ಬಿದ್ದು ಅದರ ಮೂಲ ನೆಗೆಟಿವ್ ಸುಟ್ಟಿತು. ಸುಟ್ಟು ಕರಕಲಾದ ಸುರುಳಿಗಳನ್ನು ಅಮೆರಿಕದ ಅಕಾಡೆಮಿಯವರು ಎಸೆಯದೆ ಇಟ್ಟುಕೊಂಡಿದ್ದರು. ಇಪ್ಪತ್ತು ವರ್ಷಗಳ ಬಳಿಕ ಇಟಲಿಯ ಬೊಲೊನ್ಯ ನಗರದ ಕುಶಲಿಗಳು ಬಿರುಸಾದ ಆ ಪಟ್ಟಿಗಳಿಗೆ ಮತ್ತೆ ತೇವ ಕೊಟ್ಟು, ಕರಗಿದ ಅಂಚುಗಳನ್ನು ಕೈಯಿಂದಲೇ ತಿದ್ದಿ, ರಾಯರ ಮೂರು ಚಿತ್ರಗಳಿಗಾಗಿ ಸುಮಾರು ಸಾವಿರ ಗಂಟೆಗಳ ಕಾಲ ದುಡಿದರು. 2015ರಲ್ಲಿ ಅವು ಮತ್ತೆ ತೆರೆಗೆ ಬಂದವು. ಒಣಗಿದ ಗರಿಗೆ ಎಣ್ಣೆ ಸೋಕಿಸಿ ಮೆತ್ತಗಾಗಿಸುವುದನ್ನು ಬಲ್ಲ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ನಮ್ಮ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು. ಸ್ವರ್ಣಕಮಲ ಪಡೆದ ಚಿತ್ರ. ಅದೂ ಹೀಗೆಯೇ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಕೆಯಾಯಿತು. ನನ್ನ ಕಟ್ಟು ಹಾಳಾದ ವರ್ಷವೇ ತಯಾರಾದ ಚಿತ್ರವದು. ಅದು ಉಳಿಯಿತು, ಇದು ಅಳಿಯಿತು. ನಡುವಿನ ವ್ಯತ್ಯಾಸ ಕಾಯ್ದ ಕೈಗಳದು.

ಇನ್ನು ಓದಿನ ಮಾತು. ತಮ್ಮನನ್ನೂ ಕೂರಿಸಿಕೊಂಡು ಮೂವರೂ ಒಂದು ಭಾನುವಾರವಿಡೀ ಲೆಕ್ಕ ಹಾಕಿದೆವು. ಇತರ ಮನೆಗಳಿಗೂ ಉಪಯೋಗವಾದೀತೆಂದು ಬರೆಯುತ್ತೇನೆ.

ಇದರಲ್ಲಿ ಎರಡು ದಾರಿಗಳಿವೆ. ಚಲನಚಿತ್ರವನ್ನು ಸಾಹಿತ್ಯದಂತೆ, ಇತಿಹಾಸದಂತೆ ಅಭ್ಯಾಸ ಮಾಡುವುದು ಒಂದು. ಇದಕ್ಕೆ ನಮ್ಮ ದೇಶದಲ್ಲಿಯೇ ಸ್ನಾತಕೋತ್ತರ ವ್ಯಾಸಂಗವಿದೆ. ಕಲಕತ್ತೆಯ ಜಾದವಪುರ ವಿಶ್ವವಿದ್ಯಾಲಯ ಇದಕ್ಕಾಗಿ 1993ರಲ್ಲಿಯೇ ವಿಭಾಗವನ್ನು ತೆರೆಯಿತು. ಸುರುಳಿಯನ್ನೇ ಕೈಯಲ್ಲಿ ಹಿಡಿದು, ಪರೀಕ್ಷಿಸಿ, ತಿದ್ದಿ, ಪ್ರತಿಯೆತ್ತಿ, ಪಟ್ಟಿ ಮಾಡಿ ಕಾಯುವುದು ಇನ್ನೊಂದು. ಇದಕ್ಕೆ ಹೆಸರಾದ ಶಾಲೆಗಳು ಹೊರದೇಶಗಳಲ್ಲಿವೆ: ಅಮೆರಿಕದ ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ವಸ್ತುಸಂಗ್ರಹಾಲಯದಲ್ಲಿ 1996ರಲ್ಲಿ ಆರಂಭವಾದ ಸೆಲ್ಜ್‌ನಿಕ್ ಶಾಲೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎರಡು ವರ್ಷಗಳ ಎಂ.ಎ., ಹಾಲೆಂಡಿನ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ವ್ಯಾಸಂಗ. ವೆಚ್ಚವನ್ನು ಕೇಳಿ ತಮ್ಮನು ಸುಮ್ಮನಾದನು. ಅವನಿಗಿರುವುದು ಒಂದೂವರೆ ಎಕರೆ ತೋಟ. ಅದನ್ನು ಅಡವಿಟ್ಟು ಸಾಲ ತೆಗೆಯಲು ಅವನು ಸಿದ್ಧನಾದನೆಂಬುದೇ ನನಗೆ ಅಚ್ಚರಿ. ಅವ್ವನ ಆ ನಾಲ್ಕು ನಿಮಿಷದ ಹಾಡನ್ನು ಅವನೂ ಕೇಳಿದ್ದನು.

ನಾನು ಅದಕ್ಕೆ ಒಪ್ಪಲಿಲ್ಲ. ಮಗುವೂ ಒಪ್ಪಲಿಲ್ಲ. ಮೊದಲು ಮನೆಯ ಹತ್ತಿರದ ಮೆಟ್ಟಿಲು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನವರು ನಡೆಸುವ ಚಿತ್ರ ರಸಗ್ರಹಣದ ಶಿಬಿರಗಳಿವೆ. ಮುಂಬಯಿಯಲ್ಲಿ 2014ರಲ್ಲಿ ಹುಟ್ಟಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಎಂಬ ಸಂಸ್ಥೆಯು 2015ರಿಂದ ದೇಶದ ಬೇರೆಬೇರೆ ನಗರಗಳಲ್ಲಿ ಸಂರಕ್ಷಣೆಯ ಕಮ್ಮಟಗಳನ್ನು ನಡೆಸುತ್ತ ಬಂದಿದೆ. ಹೊರದೇಶದ ತಜ್ಞರೇ ಬಂದು ಕಲಿಸುತ್ತಾರೆ. ವಾರದ ಕಾಲ ವಿನಿಗರಿನ ವಾಸನೆಯ ನಡುವೆ ಕೈಗವಸು ತೊಟ್ಟು ಕುಳಿತ ಮೇಲೂ ಮನಸ್ಸು ಅಲ್ಲಿಯೇ ನಿಂತರೆ ಅದು ನಿಜವಾದ ಹಂಬಲ. ಆಮೇಲೆ ಒಂದು ವರ್ಷ ಯಾವುದಾದರೂ ಸಂಗ್ರಹಾಲಯದಲ್ಲಿ ಕೆಲಸ. ಆ ಅನುಭವವನ್ನು ಹಿಡಿದುಕೊಂಡು ವಿದ್ಯಾರ್ಥಿವೇತನಕ್ಕೆ ಅರ್ಜಿ. ವಿದ್ಯಾರ್ಥಿವೇತನ ದೊರೆತರೆ ಪಯಣ. ದೊರೆಯದಿದ್ದರೆ ಕೆಲಸದಲ್ಲಿದ್ದುಕೊಂಡೇ ಕಲಿಕೆ. ತೋಟಕ್ಕೆ ಮಾತ್ರ ಕೈಹಚ್ಚುವುದಿಲ್ಲ.

ಉದ್ಯೋಗದ ಪ್ರಶ್ನೆಯನ್ನು ನಾನು ಮುಚ್ಚಿಡಲಿಲ್ಲ. ಈ ವಿದ್ಯೆಗೆ ಬ್ಯಾಂಕಿನಷ್ಟು ಕುರ್ಚಿಗಳಿಲ್ಲ, ಸಂಬಳವೂ ದೊಡ್ಡದಲ್ಲ. ಹೆಣ್ಣುಮಗಳನ್ನು ಹೀಗೆ ದೂರ ಕಳಿಸುವುದೇ ಎಂದು ನೆಂಟರು ಕೇಳಿಯೇ ಕೇಳುತ್ತಾರೆ. ಮಗು ಹೇಳಿದಳು: "ದೊಡ್ಡಪ್ಪಾ, ಕಪ್ಪು-ಬಿಳುಪು ಚಿತ್ರಕ್ಕ ಹತ್ತು ಹನ್ನೆರಡು ಡಿಗ್ರಿ ತಂಪು ಬೇಕು; ಬಣ್ಣದ್ದಕ್ಕ ಇನ್ನೂ ಕಡಿಮಿ. ಅಷ್ಟು ತಂಪು ಇಡೋ ಕೋಣೆ ಕಟ್ಟಿದರೂ, ಒಳಗಿನ ಡಬ್ಬಿ ತೆರೆದು ನೋಡೋರು ಬೇಕಲ್ಲ." ಗಣಕದಲ್ಲಿ ಪ್ರತಿಯೆತ್ತಿ ಇಟ್ಟರೆ ಸಾಲದೇ ಎಂದು ತಮ್ಮನು ಕೇಳಿದನು. ಆ ಪ್ರತಿಯೂ ಕೆಲವು ವರ್ಷಗಳಿಗೊಮ್ಮೆ ಹೊಸ ಪೆಟ್ಟಿಗೆಗೆ ದಾಟಬೇಕಂತೆ. ಎರಡೂವರೆ ಗಂಟೆಯ ಒಂದು ಚಿತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬಿಡಿಚಿತ್ರಗಳು. ಅವನ್ನೆಲ್ಲ ಮತ್ತೆ ಮತ್ತೆ ದಾಟಿಸಬೇಕು. ಮಠದ ಲಿಪಿಕಾರರು ಹಳೆಯ ಓಲೆಯಿಂದ ಹೊಸ ಓಲೆಗೆ ತಲೆಮಾರು ತಲೆಮಾರು ಬರೆದದ್ದು ಇದನ್ನೇ ಅಲ್ಲವೇ? ಎಣ್ಣೆಯಿಂದ ಕಾಯಿರಿ, ನೀರಿನಿಂದ ಕಾಯಿರಿ, ಸಡಿಲ ಕಟ್ಟಿನಿಂದ ಕಾಯಿರಿ, ಮೂಢನ ಕೈಗೆ ಕೊಡಬೇಡಿರಿ ಎಂದು ಅವರು ಪುಸ್ತಕದ ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಆ ಮೂಢನ ಕೈ ಒಮ್ಮೆ ನನ್ನದೇ ಆಗಿತ್ತು.

ಅಂದು ಸಂಜೆ ಅವಳಿಗೆ ಆ ಕಟ್ಟಿನ ಕಥೆಯನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆ ಪುಡಿ ಇನ್ನೂ ಅಲ್ಲಿ ಐತೇನ್ರಿ ದೊಡ್ಡಪ್ಪಾ?" ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ನನಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ. ಮುಗಿದುಹೋಯಿತೆಂದು ನಾನು ಅತ್ತು ಕೈಬಿಟ್ಟ ಕಡೆ, ಉಳಿದದ್ದು ಏನಾದರೂ ಇದೆಯೇ ಎಂದು ಅವಳು ಹುಡುಕುತ್ತಾಳೆ. ಈ ವಿದ್ಯೆ ಅವಳಿಗೆ ಒಲಿಯುತ್ತದೆಂದು ಆಗ ನನಗೆ ನಂಬಿಕೆ ಬಂದಿತು.

ಅವಳು ಕಮ್ಮಟಕ್ಕೆ ಅರ್ಜಿ ಬರೆದಿದ್ದಾಳೆ. 'ಈ ಕೆಲಸ ನಿಮಗೇಕೆ' ಎಂಬುದಕ್ಕೆ ಅಜ್ಜಿಯ ಕೆಮ್ಮಿನಿಂದ ಉತ್ತರವನ್ನು ಆರಂಭಿಸಿದ್ದಾಳೆ. ನಾನು ಅದನ್ನು ತಿದ್ದಲಿಲ್ಲ.

ಓದುಗ ಬಂಧುಗಳಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಮದುವೆಯ ಕ್ಯಾಸೆಟ್ಟು ಇರಬಹುದು; ಟೂರಿಂಗ್ ಟಾಕೀಸು ನಡೆಸಿದ ಹಿರಿಯರ ರೀಲಿನ ಡಬ್ಬಿಯಿರಬಹುದು; ಚಿತ್ರದ ಹಾಡಿನ ಪುಸ್ತಕವೋ ಓಲೆಯ ಕಟ್ಟೋ ಇರಬಹುದು. ಬಿಸಿಲಿರುವ ದಿನ ಒಮ್ಮೆ ತೆಗೆದು ನೋಡಿರಿ. ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕಬೇಡಿರಿ, ಹುಳಿ ವಾಸನೆ ಬರುವ ಡಬ್ಬಿಯನ್ನು ಬೇರೆಯಾಗಿ ಇಡಿರಿ, ಬಲ್ಲವರಿಗೆ ತೋರಿಸಿರಿ. ನಾಳೆ ಮಾಡಿದರಾಯಿತೆಂದು ಮಾತ್ರ ಕಿಟಕಿಯ ಗೂಡಿನಲ್ಲಿ ಇಡಬೇಡಿರಿ. ಹಾಗೆ ಇಟ್ಟವನೊಬ್ಬ ಇಷ್ಟನ್ನು ಬರೆದಿದ್ದಾನೆ.

ಶರಣು ಶರಣಾರ್ಥಿ.